ಪಿಗ್ಮಿ ಕಟ್ಟಿ ಅಳೆದ ಮನೆ

ಬ್ಯಾಂಕಿನಲ್ಲಿ ಮನೆ ಸಾಲ ನೋಡಿಕೊಳ್ಳುವ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಖರ್ಚೆಲ್ಲ ಕಳೆದು ತಿಂಗಳಿಗೆ ನಿಮ್ಮ ಕೈಯಲ್ಲಿ ಎಷ್ಟು ನಿಲ್ಲುತ್ತೆ?"

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಅರವತ್ತು ಸಾವಿರಕ್ಕೆ ಮೋಸ ಇಲ್ಲ ಮೇಡಂ" ಅಂದೆ.

ಸುಳ್ಳು ಹೇಳಲಿಲ್ಲ. ಅದು ಏಪ್ರಿಲ್ ತಿಂಗಳು. ಹೊಸದುರ್ಗದಲ್ಲಿ ನನ್ನದು ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ತೋಟದವರು ಕರೆಂಟು ಇದ್ದಷ್ಟು ಹೊತ್ತೂ ಮೋಟರ್ ಓಡಿಸುತ್ತಾರೆ. ಎಲ್ಲರೂ ಒಟ್ಟಿಗೆ ಓಡಿಸುವುದರಿಂದ ವೋಲ್ಟೇಜು ಬೀಳುತ್ತದೆ, ಒಳಗಿನ ವೈರು ಸುಡುತ್ತದೆ. ಅದನ್ನು ತೆಗೆದು ಹೊಸ ವೈರು ಸುತ್ತಿ ಕೊಡುವುದು ನನ್ನ ಕೆಲಸ. ಅವತ್ತು ನಾನು ಬ್ಯಾಂಕಿಗೆ ಹೊರಟಾಗ ಅಂಗಡಿ ಮುಂದೆ ಹನ್ನೊಂದು ಮೋಟರ್ ಮಲಗಿದ್ದವು. ಅವನ್ನು ನೋಡಿಕೊಂಡು ಬಂದ ಕಣ್ಣಿಗೆ ಅರವತ್ತು ಸಾವಿರ ಕಡಿಮೆಯೇ ಕಂಡಿತ್ತು.

ಮೇಡಂ ನನ್ನ ಮಾತು ಬರೆದುಕೊಳ್ಳಲಿಲ್ಲ. ನಾನು ತಂದಿದ್ದ ತೆರಿಗೆ ಕಾಗದಗಳನ್ನು ಬಿಡಿಸಿ ನೋಡಿದರು. ಚಿತ್ರದುರ್ಗದ ಆಡಿಟರ್ ಒಬ್ಬರು ಮೂರು ವರ್ಷದಿಂದ ಅವನ್ನು ತುಂಬಿ ಕೊಡುತ್ತಿದ್ದರು. ಅದರಲ್ಲಿ ಏನಿದೆ ಎಂದು ನಾನು ಕೇಳಿದವನಲ್ಲ, ತೋರಿಸಿದ ಕಡೆ ಸಹಿ ಹಾಕಿದವನು.

"ಕಾಗದದಲ್ಲಿ ತಿಂಗಳಿಗೆ ನಲವತ್ತೈದು ಸಾವಿರ ಬರುತ್ತೆ. ಅದರಲ್ಲಿ ಅರ್ಧ ಕಂತಿಗೆ ಅಂತ ಹಿಡೀತೀವಿ. ಇಪ್ಪತ್ತು ವರ್ಷಕ್ಕೆ ಲಕ್ಷಕ್ಕೆ ಸುಮಾರು ಒಂಬೈನೂರು ಕಂತು. ಇಪ್ಪತ್ನಾಲ್ಕು ಲಕ್ಷದವರೆಗೆ ಕೊಡಬಹುದು" ಎಂದರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಂಥವನಿಗೆ ಒಂದು ಬ್ಯಾಂಕು ಇಪ್ಪತ್ನಾಲ್ಕು ಲಕ್ಷ ಕೊಡುತ್ತೇನೆ ಎನ್ನುತ್ತಿದೆ. ಅಂಗಡಿಗೆ ಹಿಂತಿರುಗುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ನಾನೇ ಮುಂದಾಗಿ ನಮಸ್ಕಾರ ಹೇಳಿದೆ.

ಮನೆಯನ್ನು ಮೊದಲೇ ನೋಡಿಟ್ಟಿದ್ದೆ. ನಿವೃತ್ತರಾದ ಮೇಷ್ಟ್ರೊಬ್ಬರದು. ಕೆಳಗೆ ಎರಡು ರೂಮು, ಮೇಲೆ ಮಹಡಿಯಲ್ಲಿ ಒಂದು, ಹಿಂದೆ ಸ್ವಂತ ಬೋರು. ಮೇಷ್ಟ್ರು ಚಿತ್ರದುರ್ಗದಲ್ಲಿ ಮಗಳ ಮನೆಯ ಹತ್ತಿರ ಹೊಸ ಮನೆ ಕಟ್ಟಿಸುತ್ತಿದ್ದರು, ದೀಪಾವಳಿ ಹೊತ್ತಿಗೆ ಅಲ್ಲಿಗೆ ಹೋಗುವವರು. ಮೂವತ್ತೆರಡು ಲಕ್ಷಕ್ಕೆ ಮಾತಾಯಿತು. ಒಂದು ಲಕ್ಷ ಮುಂಗಡ ಕೊಟ್ಟು ಛಾಪಾ ಕಾಗದದ ಮೇಲೆ ಕರಾರು ಮಾಡಿಕೊಂಡೆವು. ದೀಪಾವಳಿಯೊಳಗೆ ನಾನು ರಿಜಿಸ್ಟ್ರಿ ಮಾಡಿಸಿಕೊಳ್ಳದಿದ್ದರೆ ಮುಂಗಡ ಅವರಿಗೆ. ಅವರು ಹಿಂದೆ ಸರಿದರೆ ನನಗೆ ಎರಡರಷ್ಟು.

ಅವತ್ತು ಸಂಜೆ ಮನೆಯಲ್ಲಿ ಲೆಕ್ಕಕ್ಕೆ ಕುಳಿತೆವು. ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ, ಎಸ್ಸೆಸ್ಸೆಲ್ಸಿ ಪಾಸಾದವಳು. ಮನೆಯ ಲೆಕ್ಕ ಅವಳದು.

"ಸಾಲ ಇಪ್ಪತ್ನಾಕು. ಉಳಿದ ಎಂಟು ನಾವು ಹಾಕ್ಬೇಕು. ರಿಜಿಸ್ಟ್ರಿ, ಸ್ಟಾಂಪು, ಬ್ಯಾಂಕಿನ ಫೀಸು ಎಲ್ಲ ಸೇರಿ ಎರಡೂಕಾಲು. ಹತ್ತೂಕಾಲು ಆತು. ಮುಂಗಡ ಕೊಟ್ಟಿದ್ದೂ ಸೇರಿ ನಮ್ ಹತ್ರ ಇರಾದು ಎಂಟು. ಮಿಕ್ಕಿದ್ದೆಲ್ಲೈತೆ?"

"ಮುಯ್ಯಿ ಬರ್ತೈತಲ್ಲ" ಅಂದೆ.

ನಮ್ಮ ಕಡೆ ಮದುವೆ, ಗೃಹಪ್ರವೇಶಕ್ಕೆ ಹೋದವರು ಮುಯ್ಯಿ ಹಾಕುತ್ತಾರೆ. ಮನೆಯವರು ಹೆಸರು ಬರೆದಿಟ್ಟುಕೊಂಡು, ಅವರ ಮನೆಯಲ್ಲಿ ಕಾರ್ಯವಾದಾಗ ಅಷ್ಟನ್ನೂ, ಮೇಲೆ ಸ್ವಲ್ಪವನ್ನೂ ಹಿಂದಿರುಗಿಸುತ್ತಾರೆ. ಇಪ್ಪತ್ತು ವರ್ಷದಿಂದ ನಾನು ಯಾರ ಮನೆಯ ಚಪ್ಪರದಲ್ಲೂ ಮುಯ್ಯಿಗೆ ಕೈ ಬಿಗಿ ಹಿಡಿದವನಲ್ಲ. ಮಾಡದಕೆರೆ ಕಡೆಯ ನಮ್ಮ ಊರಿನವರು, ಗಿರಾಕಿಗಳು, ನೆಂಟರು ಎಲ್ಲರೂ ಸೇರಿದರೆ ಒಂದೂವರೆ ಲಕ್ಷ ಬರಲೇಬೇಕೆಂದು ನನ್ನ ಮನಸ್ಸಿನಲ್ಲಿ ಎಂದೋ ಕೂಡಿಸಿಟ್ಟಿದ್ದೆ.

ಅವಳು ಪೆನ್ನು ಕೆಳಗಿಟ್ಟಳು. "ರೀ, ಮುಯ್ಯಿ ಬರಾದು ಗೃಹಪ್ರವೇಶದ ದಿನ. ಗೃಹಪ್ರವೇಶ ಮಾಡಾದು ರಿಜಿಸ್ಟ್ರಿ ಆದ್ಮೇಲೆ. ನೀವು ರಿಜಿಸ್ಟ್ರಿ ಮಾಡ್ಸಾದು ಮುಯ್ಯಿ ಬಂದ್ಮೇಲೆ. ಸಬ್ ರಿಜಿಸ್ಟ್ರಾರ್ ಆಫೀಸ್ನಾಗೇ ಎಲೆ ಹಾಕಿ ಊಟಕ್ಕೆ ಕುಂಡ್ರಿಸಾಣೇನು?"

ನಗು ಬಂತು, ಆದರೂ ಸೋಲಲಿಲ್ಲ. ಹಿರಿಯೂರಿನಲ್ಲಿರುವ ಅವಳ ಅಣ್ಣನಿಗೆ ಫೋನು ಮಾಡಿಸಿದೆ. ಅವರು ಸಂಬಳದ ಕೆಲಸದಲ್ಲಿರುವವರು. ಒಂದು ವರ್ಷದಲ್ಲಿ ವಾಪಸ್ ಕೊಡುವ ಮಾತಿನ ಮೇಲೆ ಎರಡು ಲಕ್ಷ ಕೊಡಲು ಒಪ್ಪಿದರು. ಚಿಲ್ಲರೆ ಹೇಗೋ ಆಗುತ್ತದೆ, ಲೆಕ್ಕ ಕೂಡಿತು ಎಂದು ನಾನು ಎದ್ದೆ. ಅವಳು ಏಳಲಿಲ್ಲ.

"ತಿಂಗ್ಳಿಗೆ ಇಪ್ಪತ್ತೊಂದು ಸಾವಿರದ ಆರ್ನೂರು. ಆಷಾಢ, ಶ್ರಾವಣದಾಗೂ ಕಟ್ಬೇಕು."

"ಕಟ್ಟಬೌದು ಅಂತ ಬ್ಯಾಂಕ್ನೋರೇ ಹೇಳೌರೆ."

"ಕಟ್ಟೋರು ಅವ್ರಾ, ನಾವಾ? ಮೋಟರ್ನ ಡ್ರಮ್ನಾಗೆ ಓಡ್ಸಿ ಸರಿ ಐತೆ ಅಂತ ಕಳಿಸ್ತಾರೆ ಅಂತ ಬ್ಯಾರೆ ವೈಂಡಿಂಗ್ನೋರನ್ನೆಲ್ಲ ಬಯ್ತಿರಲ್ಲ, ನೀವೀಗ ಮಾಡ್ತಿರಾದೇನು?"

ಈ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ವೈಂಡಿಂಗ್ ಮುಗಿದ ಮೋಟರನ್ನು ಅಂಗಡಿಯಲ್ಲಿ ನೀರು ತುಂಬಿದ ಡ್ರಮ್ಮಿಗೆ ಇಳಿಸಿ ಓಡಿಸುತ್ತೇವೆ. ಆಗ ಅದಕ್ಕೆ ಯಾವ ಭಾರವೂ ಇರುವುದಿಲ್ಲ. ಎಂಥ ಮೋಟರಾದರೂ ಚೆನ್ನಾಗಿಯೇ ತಿರುಗುತ್ತದೆ. ಅದರ ನಿಜ ಗೊತ್ತಾಗುವುದು ಪಂಪಿಗೆ ಜೋಡಿಸಿ, ಬೋರಿಗೆ ಇಳಿಸಿ, ನಾನೂರು ಅಡಿಯಿಂದ ನೀರನ್ನು ಮೇಲಕ್ಕೆ ತಳ್ಳುವಾಗ. ಆಗ ಎಷ್ಟು ಕರೆಂಟು ಎಳೆಯುತ್ತದೆ ಎಂದು ಮೀಟರ್ ಹಿಡಿದು ನೋಡಬೇಕು. ನಾನು ಬೋರಿನ ತನಕ ಹೋಗಿ ಮೀಟರ್ ಹಿಡಿಯದೆ ಕೂಲಿ ಮುಟ್ಟುವುದಿಲ್ಲ. ಶ್ರೀರಾಂಪುರದ ಆಚೆಯಿಂದಲೂ ನನ್ನ ಹತ್ತಿರ ಮೋಟರ್ ಬರುವುದು ಅದಕ್ಕೇ.

ಮಾರನೆಯ ದಿನ ಕೆಲಸ ಮಾಡುತ್ತಲೇ ದಾರಿ ಹೊಳೆಯಿತು. ದೀಪಾವಳಿಗೆ ಇನ್ನೂ ತಿಂಗಳುಗಳಿವೆ. ಸಾಲ ಈಗಾಗಲೇ ತೆಗೆದುಕೊಂಡಿದ್ದೇನೆ ಎಂದುಕೊಂಡು ಕಂತು ಕಟ್ಟುತ್ತಾ ಹೋದರೆ? ತಿಂಗಳಿಗೊಮ್ಮೆ ದೊಡ್ಡ ಗಂಟು ತೆಗೆದಿಡುವುದು ನಮ್ಮಂಥ ದಿನದ ದುಡಿಮೆಯವರಿಗೆ ಆಗದ ಕೆಲಸ. ಪಿಗ್ಮಿ ಆಗುತ್ತದೆ. ದಿನಾ ಸಂಜೆ ಸೊಸೈಟಿಯ ಏಜೆಂಟು ಅಂಗಡಿ ಬಾಗಿಲಿಗೇ ಬಂದು ಹಣ ಕಟ್ಟಿಸಿಕೊಂಡು ರಸೀದಿ ಕೊಡುತ್ತಾನೆ.

ಹೆಂಡತಿ ಲೆಕ್ಕ ಹಾಕಿದಳು. "ಸ್ವಂತ ಮನೆ ಆದ್ರೆ ಬಾಡ್ಗೆ ಆರು ಸಾವ್ರ ಉಳೀತೈತೆ. ಅದನ್ನ ಕಳೀರಿ. ಹದಿನೈದು ಸಾವಿರದ ಆರ್ನೂರು. ದಿನಕ್ಕೆ ಐನೂರಿಪ್ಪತ್ತು."

ಜೂನ್ ಒಂದನೇ ತಾರೀಖಿನಿಂದ ಶುರು ಮಾಡಿದೆ. ಮೊದಲ ದಿನ ಏಜೆಂಟು ನೋಟು ಎಣಿಸಿ ನನ್ನ ಮುಖ ನೋಡಿದ.

"ಏನ್ ಮೇಸ್ತ್ರಿ, ಐನೂರು ಸರಿ, ಈ ಇಪ್ಪತ್ತೇನು? ದೇವರ ಹುಂಡಿಗಾ?"

"ಮಹಡಿ ಮೆಟ್ಲಿಗೆ" ಅಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ಜೋರಾಗಿ ನಕ್ಕ.

ನಮ್ಮ ನಮ್ಮಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೆವು. ಒಂದು ದಿನವೂ ತಪ್ಪಬಾರದು, ಭಾನುವಾರದ್ದು ಶನಿವಾರವೇ ಕಟ್ಟಬೇಕು, ಬೇಸಿಗೆಯಲ್ಲಿ ಉಳಿದ ಹಣ ಮುಟ್ಟಬಾರದು. ಜೂನ್ ಸುಲಭವಾಗಿ ಕಳೆಯಿತು. ಬೇಸಿಗೆಯಲ್ಲಿ ಸುಟ್ಟ ಮೋಟರ್‌ಗಳು ಇನ್ನೂ ಬಾಕಿ ಇದ್ದವು. ತಿಂಗಳ ಕೊನೆಗೆ ಪಾಸ್‌ಬುಕ್ಕು ತುಂಬಿಸಿಕೊಂಡು ಬಂದು ಹೆಂಡತಿಯ ಮುಂದೆ ಹಿಡಿದೆ.

"ಇನ್ನೂ ಮಳೆ ಹತ್ತಿಲ್ಲ. ನೋಡಾಣ" ಅಂದಳು.

ಜುಲೈಯಲ್ಲಿ ಮಳೆ ಹಿಡಿಯಿತು. ಊರಿಗೆಲ್ಲ ಸಂತೋಷ. ನನಗೂ ಸಂತೋಷವೇ, ರೈತರ ಮನೆಯಲ್ಲಿ ಹುಟ್ಟಿದವನು ನಾನು. ಆದರೆ ಬೋರು ಓಡಿಸುವವರಿಲ್ಲದಿದ್ದರೆ ಮೋಟರ್ ಸುಡುವುದಿಲ್ಲ. ವಾರಕ್ಕೆ ಎಂಟು ಬರುತ್ತಿದ್ದ ಕಡೆ ಎರಡು ಬಂದವು. ಒಂದು ವಾರ ಒಂದೂ ಬರಲಿಲ್ಲ, ಮಿಕ್ಸಿ ರಿಪೇರಿ ಮಾಡಿ ದಿನ ನೂಕಿದೆ.

ಸಂಜೆ ಆರಕ್ಕೆ ಏಜೆಂಟಿನ ಗಾಡಿ ಸದ್ದು ಕೇಳಿಸುತ್ತಿತ್ತು. ಅವನು ಒಳ್ಳೆಯವನು. "ಇವತ್ತಿಲ್ದಿದ್ರೆ ನಾಳೆ ಸೇರ್ಸಿ ಕೊಡ್ರಿ, ಅದಕ್ಕೇನು" ಎನ್ನುತ್ತಿದ್ದ. ಪಕ್ಕದಲ್ಲಿ ಟೀ ಅಂಗಡಿಯವನು, ಎದುರು ಗೊಬ್ಬರದ ಅಂಗಡಿಯವನು. ಅವರೆಲ್ಲರ ಎದುರು ಇವತ್ತು ಇಲ್ಲ ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಮೊದಲು ಮೂಲೆಯಲ್ಲಿ ಚೀಲ ಕಟ್ಟಿಟ್ಟಿದ್ದ ಸುಟ್ಟ ತಾಮ್ರ ಮಾರಿದೆ. ಆಪತ್ತಿಗೆಂದು ಇಟ್ಟುಕೊಂಡಿದ್ದು, ಏಳು ಸಾವಿರದ ಎಂಟುನೂರು ಬಂತು. ಅದು ಹದಿನೈದು ದಿನಕ್ಕೆ ಆಯಿತು.

ಆಮೇಲೆ ಮಾಡಿದ್ದೇ ತಪ್ಪು. ವೈಂಡಿಂಗ್ ವೈರು ನಾನು ಚಿತ್ರದುರ್ಗದ ಒಂದು ಅಂಗಡಿಯಿಂದ ತರುತ್ತೇನೆ, ತಾಮ್ರದ್ದು, ತೂಕದ ಮೇಲೆ ರೇಟು. ಯಾವತ್ತೂ ನಗದು ಕೊಟ್ಟು ತಂದವನು ಫೋನಿನಲ್ಲಿ ಹೇಳಿ ಬಸ್ಸಿಗೆ ಹಾಕಿಸಿಕೊಳ್ಳತೊಡಗಿದೆ. "ಬರ್ಕಂಡಿರ್ರಿ, ಮುಂದಿನ ವಾರ ಬರ್ತೀನಿ." ನನ್ನ ಮಾತಿಗೆ ಬೆಲೆ ಇತ್ತು, ಅವರು ಕಳಿಸಿದರು. ರೈತ ಕೊಟ್ಟ ಹಣದಲ್ಲಿ ಕೂಲಿ ಯಾವುದು, ವೈರಿನ ದುಡ್ಡು ಯಾವುದು ಎಂದು ಬೇರೆ ಮಾಡದೆ ಎರಡನ್ನೂ ಪಿಗ್ಮಿಗೆ ಹಾಕಿದೆ.

ಹೆಂಡತಿಗೆ ಇದು ಗೊತ್ತಿರಲಿಲ್ಲ. ಪಾಸ್‌ಬುಕ್ಕಿನಲ್ಲಿ ಒಂದು ದಿನವೂ ಖಾಲಿ ಇಲ್ಲದ್ದನ್ನು ಕಂಡು ಅವಳಿಗೂ ಧೈರ್ಯ ಬಂತು. ಗೌರಿ ಹಬ್ಬಕ್ಕೆ ಹಿರಿಯೂರಿಗೆ ಹೋದಾಗ ಅದನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ ಅಣ್ಣನಿಗೆ ತೋರಿಸಿದಳಂತೆ. ಬಂದವಳು "ನಾನು ಅವತ್ತು ಹಂಗ್ ಅನ್ನಬಾರ್ದಿತ್ತು. ನಿಮ್ ಕೈಲಿ ಆಗ್ತೈತೆ" ಅಂದಳು. ಅವತ್ತು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ.

ಸೆಪ್ಟೆಂಬರಿನ ಕೊನೆಯ ವಾರ ಶ್ರೀರಾಂಪುರ ಕಡೆಯ ರೈತರೊಬ್ಬರು ಮೋಟರ್ ತಂದರು. ಹತ್ತು ದಿನ ಮಳೆ ಕೈಕೊಟ್ಟಿತ್ತು, ಈರುಳ್ಳಿಗೆ ನೀರು ಬೇಕಿತ್ತು. ಮೋಟರ್ ಬಿಚ್ಚಿ, ಸುಟ್ಟ ಸುತ್ತುಗಳನ್ನು ಕತ್ತರಿಸಿ ಎಣಿಸಿಕೊಂಡು, ಚಿತ್ರದುರ್ಗಕ್ಕೆ ಫೋನು ಮಾಡಿದೆ. ವೈರ್ ಅಂಗಡಿಯವರು ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. "ನೀವೇ ಬರ್ರಿ ಮೇಸ್ತ್ರಿ" ಅಂದರು.

ಹೋದೆ. ಸ್ಟೂಲು ಎಳೆದು "ಕುಂತ್ಕಳ್ರಿ" ಎಂದರು, ಟೀ ತರಿಸಿದರು. ಪುಸ್ತಕ ತಿರುಗಿಸಿ ನನ್ನ ಕಡೆ ಇಟ್ಟರು. ಮೂವತ್ತೊಂದು ಸಾವಿರ.

"ನಾನು ಕೇಳ್ಬಾರ್ದು. ಹದಿನೆಂಟು ವರ್ಷದಾಗೆ ನಿಮ್ ಹೆಸರಿಗೆ ಒಂದ್ ಪುಟ ತೆಗೆದವನಲ್ಲ ನಾನು. ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹುಷಾರಿಲ್ಲವಾ ಎಂದು ಕೇಳಿದ್ದು ಬೈಗುಳಕ್ಕಿಂತ ಹೆಚ್ಚಾಯಿತು. ಇಲ್ಲ, ಎಲ್ಲ ಚೆನ್ನಾಗಿದ್ದಾರೆ, ವಾರದಲ್ಲಿ ಪೂರ್ತಿ ತೀರಿಸುತ್ತೇನೆ ಎಂದೆ. ರೈತ ಕೊಟ್ಟಿದ್ದ ಮುಂಗಡದಿಂದ ಆ ಮೋಟರಿಗೆ ಬೇಕಾದಷ್ಟೇ ವೈರು ನಗದಿಗೆ ತಂದೆ. ಮಾರನೆಯ ದಿನ ಮಧ್ಯಾಹ್ನದೊಳಗೆ ಮೋಟರ್ ಕಟ್ಟಿ, ಶ್ರೀರಾಂಪುರದ ಆಚೆ ಆ ಬೋರಿಗೆ ಇಳಿಸಿದೆವು. ನೀರು ಪೈಪು ತುಂಬಾ ಬಂತು. ರೈತರಿಗೆ ಖುಷಿ. ನಾನು ಅಭ್ಯಾಸದಂತೆ ಕೇಬಲ್ಲಿಗೆ ಮೀಟರ್ ಹಿಡಿದರೆ ಕರೆಂಟು ಇರಬೇಕಾದ್ದಕ್ಕಿಂತ ಹೆಚ್ಚು ಎಳೆಯುತ್ತಿತ್ತು.

"ನೀರು ಬರ್ತೈತಲ್ಲಪ್ಪ, ಬಿಡು ಅತ್ಲಾಗೆ" ಅಂದರು ರೈತರು.

"ಪಂಪಿನಾಗೆ ಬುಷ್ ಸವೆದು ತಿರುಗಾದು ಬಿಗಿಯಾಗೈತೆ ಯಜಮಾನ್ರೇ. ಹಿಂಗೇ ಬಿಟ್ರೆ ಹದಿನೈದು ದಿನಕ್ಕೆ ಮತ್ತೆ ಸುಡ್ತೈತೆ."

ಪೈಪುಗಳನ್ನೆಲ್ಲ ಮತ್ತೆ ಮೇಲೆತ್ತಿ, ಬುಷ್ ಬದಲಾಯಿಸಿ ಇಳಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತೆ. ನಾನು ಅವರಿಗೆ ಹೇಳಿದ ಮಾತು ನನಗೇ ಹೇಳಿದಂತಿತ್ತು. ನನ್ನ ಪಿಗ್ಮಿಗೂ ಹಣ ತುಂಬಾ ಬರುತ್ತಿದೆ, ಎಲ್ಲಿಂದ ಎಳೆದು ಬರುತ್ತಿದೆ ಎಂದು ನಾನು ಮೀಟರ್ ಹಿಡಿದಿಲ್ಲ.

ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಹೇಳಿಬಿಟ್ಟೆ. ಹೆಂಡತಿ ಹೊಲಿಗೆ ಮಿಷನ್ ಹತ್ತಿರ ಕುಳಿತಿದ್ದಳು. ಸೂಜಿಯಿಂದ ಬಟ್ಟೆ ಎಳೆದು ದಾರ ಕತ್ತರಿಸಿದಳು. ಬಟ್ಟೆ ಮಡಿಸಿ ಪಕ್ಕಕ್ಕಿಟ್ಟಳು.

"ನಮ್ಮಣ್ಣನಿಗೆ ಆ ಬುಕ್ಕು ತೋರ್ಸಿ ಬಂದಿದೀನಿ ನಾನು" ಅಂದಳು.

"ತಪ್ಪಾತು."

"ನನ್ ಮುಂದೆ ದೊಡ್ಡಸ್ತಿಕೆ ತೋರ್ಸಿ ಏನ್ ಸಿಗ್ತಿತ್ತು ನಿಮ್ಗೆ? ಮನೆ ತಗಳಾದು ನಾನೂ ಅಲ್ವಾ?" ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ, ಗೋಡೆಯ ಕ್ಯಾಲೆಂಡರಿನ ಮುಗಿದ ತಿಂಗಳುಗಳ ಹಾಳೆ ಹರಿದು ಹಿಂಬದಿ ತಿರುಗಿಸಿದಳು. "ಬರ್ರಿ, ಈಗ ನಿಜವಾದ್ದು ಹಾಕಾಣ."

ನಾಲ್ಕು ತಿಂಗಳಲ್ಲಿ ಪಿಗ್ಮಿಗೆ ಹೋಗಿದ್ದು ಅರವತ್ತಮೂರು ಸಾವಿರದ ಚಿಲ್ಲರೆ. ಅದರಲ್ಲಿ ವೈರಿನ ಬಾಕಿ ಮೂವತ್ತೊಂದು ತೆಗೆದಳು. ತಾಮ್ರ ಮಾರಿದ್ದು ತೆಗೆದಳು. ರೈತರು ನನಗೆ ಕೊಡಬೇಕಾದ್ದು ಇದೆಯಲ್ಲ ಎಂದೆ. "ಬರಾದನ್ನ ಬಂದ ದಿನ ಬರೆಯಾಣ" ಅಂದಳು. ಉಳಿದದ್ದು ಇಪ್ಪತ್ನಾಲ್ಕೂವರೆ ಸಾವಿರದಷ್ಟು. ನಾಲ್ಕರಿಂದ ಭಾಗಿಸಿದರೆ ತಿಂಗಳಿಗೆ ಆರು ಸಾವಿರದ ನೂರು ಚಿಲ್ಲರೆ. ಬಾಡಿಗೆಯ ಆರು ಸಾವಿರ ಸೇರಿಸಿದರೆ ಹನ್ನೆರಡು ಸಾವಿರದ ನೂರೈವತ್ತರಷ್ಟು.

"ಇದು ಮಳೆಗಾಲದ್ದು. ಬೇಸ್ಗೇಲಿ ಜಾಸ್ತಿ ಬರ್ತೈತಲ್ಲ" ಎಂದೆ, ಇನ್ನೂ ಮಹಡಿ ಬಿಡಲು ಮನಸ್ಸಿಲ್ಲದೆ.

"ಬೇಸ್ಗೇಲಿ ಜಾಸ್ತಿ ಬಂದ್ರೆ ಜಾಸ್ತಿ ಕಟ್ಟಾಣ, ಯಾರ್ ಬ್ಯಾಡಂದ್ರು? ಕಂತು ಮಾತ್ರ ಮಳೆಗಾಲದಾಗೆ ಕಟ್ಟಾಕೆ ಆಗೋವಷ್ಟಿರ್ಲಿ."

ಲಕ್ಷಕ್ಕೆ ಒಂಬೈನೂರರಂತೆ ಹನ್ನೆರಡು ಸಾವಿರದ ನೂರೈವತ್ತಕ್ಕೆ ಸಾಲ ಹದಿಮೂರೂವರೆ ಲಕ್ಷ. ಬ್ಯಾಂಕು ಕೊಡುತ್ತೇನೆ ಅಂದದ್ದರಲ್ಲಿ ಅರ್ಧಕ್ಕಿಂತ ಒಂದಿಷ್ಟು ಮೇಲೆ. ಅಣ್ಣನ ಎರಡು ಲಕ್ಷ ಬೇಡ ಎಂದಳು, ಅದೂ ತೀರಿಸಬೇಕಾದ ಹಣವೇ. ನಮ್ಮ ಕೈಯಲ್ಲಿದ್ದುದರಲ್ಲಿ ನೋಂದಣಿಯ ಖರ್ಚು ತೆಗೆದು ಉಳಿದದ್ದನ್ನು ಸೇರಿಸಿದಳು. ಹಾಳೆಯ ಕೆಳಗೆ ಹತ್ತೊಂಬತ್ತೂವರೆ ಎಂದು ಬರೆದು ಅಡಿಗೆರೆ ಎಳೆದಳು. ಅಷ್ಟೇ ನಮ್ಮ ಮನೆ. ಮೂವತ್ತೆರಡು ಅಲ್ಲ.

ಮಾರನೆಯ ಸಂಜೆ ಏಜೆಂಟು ಬಂದಾಗ, ಟೀ ಅಂಗಡಿಯವನು ಕೇಳಿಸಿಕೊಳ್ಳುತ್ತಿದ್ದ ಹಾಗೆಯೇ, ಪಿಗ್ಮಿ ನಿಲ್ಲಿಸುತ್ತೇನೆ ಎಂದೆ. ವರ್ಷ ತುಂಬದ ಖಾತೆಗೆ ಬಡ್ಡಿ ಇಲ್ಲ, ಮೇಲೆ ಕಮಿಷನ್ ಬೇರೆ ಹಿಡಿದರು. ಬಂದ ಹಣದಲ್ಲಿ ಮೊದಲು ಚಿತ್ರದುರ್ಗಕ್ಕೆ ಹೋಗಿ ವೈರಿನ ಬಾಕಿ ತೀರಿಸಿದೆ. ಅಲ್ಲಿಂದಲೇ ಮೇಷ್ಟ್ರು ಕಟ್ಟಿಸುತ್ತಿದ್ದ ಹೊಸ ಮನೆಗೆ ನಡೆದೆ.

ಮೇಷ್ಟ್ರು ಟೈಲ್ಸ್ ಕೆಲಸದವರ ಹತ್ತಿರ ನಿಂತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಬಾರಪ್ಪ, ಬಾ. ರಿಜಿಸ್ಟ್ರಿಗೆ ದಿನ ನೋಡ್ಕಂಡು ಬಂದ್ಯಾ?"

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಹೋಯಿತು. "ಸಾರ್, ಮನೆ ತಗಳಾಕೆ ನನ್ನಿಂದ ಆಗಲ್ಲ" ಅಂದೆ.

ಅವರಿಗೆ ಸಿಟ್ಟು ಬಂದದ್ದು ಕಂಡಿತು. "ಬ್ಯಾಂಕ್ನೋರು ಕೊಡಲ್ಲ ಅಂದ್ರಾ?"

"ಕೊಡ್ತಾರೆ ಸಾರ್. ನಾನೇ ಕಟ್ಟಾಕಾಗಲ್ಲ."

"ಇದನ್ನ ಮೇ ತಿಂಗ್ಳಾಗೆ ಹೇಳಿದ್ರೆ ಇನ್ನೊಬ್ರನ್ನ ನೋಡ್ತಿದ್ನಲ್ಲಪ್ಪ. ನಿನ್ ದುಡ್ಡು ನಂಬ್ಕಂಡು ಈ ಟೈಲ್ಸ್‌ಗೆ ಹೇಳಿದೀನಿ ನಾನು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಲೆಕ್ಕ ತಪ್ಪಿದ್ದರಿಂದ ಅವರ ಲೆಕ್ಕವೂ ತಪ್ಪಿತ್ತು. ಕರಾರಿನಂತೆ ಮುಂಗಡ ಅವರದು, ಅದನ್ನು ಕೇಳಲು ಬಂದಿಲ್ಲ ಎಂದೆ. ಅವರು ಟೈಲ್ಸಿನ ಡಬ್ಬದ ಮೇಲೆ ಕುಳಿತರು. ನನ್ನನ್ನೂ ಕೂರಲು ಹೇಳಿ, ಕಟ್ಟಲಾಗದೆಂದು ಹೇಗೆ ಗೊತ್ತಾಯಿತು ಎಂದು ಕೇಳಿದರು. ಪಿಗ್ಮಿ, ತಾಮ್ರ, ವೈರಿನ ಬಾಕಿ ಎಲ್ಲ ಹೇಳಿದೆ. ಪಾಠ ಒಪ್ಪಿಸುವವನ ಮಾತು ಕೇಳುವಂತೆ ಮಧ್ಯೆ ಬಾಯಿ ಹಾಕದೆ ಕೇಳಿದರು.

"ಅರ್ಧ ನಾನು ಇಟ್ಕಂತೀನಿ. ಐದು ತಿಂಗ್ಳು ಹೋತಲ್ಲ ನಂದು. ಅರ್ಧ ನೀನು ತಗಂಡು ಹೋಗು."

ಮೊದಲಿನ ನಾನಾಗಿದ್ದರೆ ಬೇಡ ಸಾರ್ ಎಂದು ಎದ್ದು ಬರುತ್ತಿದ್ದೆ. ಕ್ಯಾಲೆಂಡರ್ ಹಾಳೆಯ ಕೆಳಗಿನ ಅಂಕಿ ಕಣ್ಣ ಮುಂದೆ ಬಂತು. ಅದನ್ನು ಮುಟ್ಟಬೇಕಾದರೆ ಈ ಐವತ್ತು ಸಾವಿರ ನನಗೆ ಬೇಕು. "ಕೊಡ್ರಿ ಸಾರ್" ಅಂದೆ. ಬೇಡುವವನಿಗೆ ಹೇಗಿರುತ್ತದೆ ಎಂದು ಗೊತ್ತಾಯಿತು, ಆದರೆ ಕೈ ಚಾಚಿದೆ. ವಾರದ ಮೇಲೆ ಅವರು ಮಾತಿನಂತೆ ಖಾತೆಗೆ ಹಾಕಿದರು.

ಬ್ಯಾಂಕಿನ ಮೇಡಂ ನನ್ನ ಹೊಸ ಅರ್ಜಿ ಎರಡು ಸಲ ಓದಿದರು. "ಇಪ್ಪತ್ನಾಲ್ಕು ಬರುತ್ತಲ್ಲ, ಯಾಕೆ ಹದಿಮೂರೂವರೆ?" ಹೇಳಿದೆ. ಪೆನ್ನು ಗಲ್ಲಕ್ಕಿಟ್ಟುಕೊಂಡು ಕೇಳಿಸಿಕೊಂಡರು. ಬೇಸಿಗೆಯಲ್ಲಿ ಹೆಚ್ಚು ಕಟ್ಟಿದರೆ ಅಷ್ಟೂ ಅಸಲಿಗೆ ಹೋಗುತ್ತದೆ, ವರ್ಷ ಕಡಿಮೆಯಾಗುತ್ತದೆ, ಬಡ್ಡಿ ಏರಿದರೆ ಕಂತು ಹಾಗೇ ಇಟ್ಟು ವರ್ಷ ಹೆಚ್ಚಿಸಿಕೊಳ್ಳಬಹುದು ಎಂದು ಒಂದು ಚೀಟಿಯಲ್ಲಿ ಬರೆದು ಬಿಡಿಸಿ ಹೇಳಿದರು. ಏಪ್ರಿಲ್‌ನಲ್ಲಿ ನಾನು ಇದನ್ನೆಲ್ಲ ಕೇಳಿರಲಿಲ್ಲ. ಸಿಗುತ್ತದೆ ಎನ್ನುವುದೊಂದೇ ಕಿವಿಗೆ ಬಿದ್ದಿತ್ತು.

ಹತ್ತೊಂಬತ್ತೂವರೆಗೆ ಹೊಳಲ್ಕೆರೆ ರಸ್ತೆ ಕಡೆ ಒಂದು ಮನೆ ಸಿಕ್ಕಿತು. ಒಂದು ಹಾಲ್, ಒಂದು ರೂಮು, ಅಡುಗೆ ಮನೆ. ಮಹಡಿ ಇಲ್ಲ, ಬೋರಿಲ್ಲ, ನಲ್ಲಿ ನೀರು. ಅಡುಗೆ ಮನೆಯ ಕಿಟಕಿಯ ಪಕ್ಕ ಮಿಷನ್ ಹಿಡಿಸುತ್ತದಾ ಎಂದು ಹೆಂಡತಿ ಮೊಳ ಹಾಕಿ ಅಳೆದು ನೋಡಿ ತಲೆಯಾಡಿಸಿದಳು. ಡಿಸೆಂಬರಿನಲ್ಲಿ ಹಾಲುಕ್ಕಿಸಿದೆವು. ಬಂದ ಮುಯ್ಯಿ ಊಟದ ಖರ್ಚಿಗೂ ಸಾಲಲಿಲ್ಲ.

ಆದರೆ ಒಂದು ವಿಷಯದಲ್ಲಿ ನಾನು ಇನ್ನೂ ಹಳೆಯ ಮನುಷ್ಯನೇ ಆಗಿದ್ದೆ. ಮೇಷ್ಟ್ರ ಮನೆ ಯಾಕೆ ಬಿಟ್ಟೆ ಎಂದು ಪೇಟೆಯಲ್ಲಿ ಕೇಳದವರಿಲ್ಲ. ಅವರಿಗೆಲ್ಲ "ಅದು ಸರಿ ಬರ್ಲಿಲ್ಲ ಬಿಡ್ರಿ" ಎಂದು ಹೇಳುತ್ತಿದ್ದೆ. ಸುಳ್ಳಲ್ಲವಲ್ಲ ಎಂದು ಸಮಾಧಾನ. ಸರಿ ಬರಲಿಲ್ಲ ಎಂದರೆ ಜನ ಏನು ತಿಳಿದುಕೊಳ್ಳುತ್ತಾರೆ ಎಂದು ಯೋಚಿಸಲಿಲ್ಲ.

ಮಾರ್ಚಿನಲ್ಲಿ ಆ ಮನೆಯಿಂದಲೇ ಕರೆ ಬಂತು. ಹೊಳಲ್ಕೆರೆ ಕಡೆಯವರೊಬ್ಬರು ಅದನ್ನು ಕೊಂಡು ಬಂದಿದ್ದರು, ಹಿತ್ತಿಲ ಬೋರಿನ ಮೋಟರ್ ಕೈಕೊಟ್ಟಿತ್ತು. ಬಿಚ್ಚಿಕೊಂಡು ಬಂದು, ಕಟ್ಟಿ, ಮೂರನೇ ದಿನ ಇಬ್ಬರು ಕೂಲಿಯವರ ಜೊತೆ ಇಳಿಸಲು ಹೋದೆ. ಯಜಮಾನರು ಕುರ್ಚಿ ಹಾಕಿಕೊಂಡು ಹತ್ತಿರ ಕುಳಿತರು. ಹಿತ್ತಿಲ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು.

"ಮೇಸ್ತ್ರಿ, ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ್ರಿ. ಮುಂಗಡ ಕೊಟ್ಟು ಈ ಮನೆ ಬಿಟ್ರಂತಲ್ಲ ನೀವು. ವಾಸ್ತು ದೋಷ ಐತಂತೆ, ಮಹಡಿ ಮೆಟ್ಲು ಸರಿ ದಿಕ್ಕಿಗಿಲ್ಲ ಅಂತ ಊರಾಗೆಲ್ಲ ಅಂತಾರೆ. ಇವ್ಳು ಬಂದಾಗಿಂದ ಮೇಲೆ ಹತ್ತಿಲ್ಲ. ನಿಜ ಹೇಳ್ರಿ, ಏನು ಕಂಡ್ರಿ ನೀವು?"

ಪೈಪು ಹಿಡಿದಿದ್ದ ಕೂಲಿಯವರು ನನ್ನ ಕಡೆ ನೋಡಿದರು. ಹೌದು, ಯಾರೋ ಹಿರಿಯರು ಬೇಡವೆಂದರು ಎಂದು ಹೇಳಿಬಿಟ್ಟರೆ ನನ್ನ ಮರ್ಯಾದೆ ಊರಿನಲ್ಲಿ ಹಾಗೇ ಉಳಿಯುತ್ತಿತ್ತು. ಬಾಗಿಲಲ್ಲಿದ್ದ ಆಕೆ ಸೆರಗು ಹಿಡಿದುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು.

"ಮನೇಗೆ ಏನೂ ದೋಷ ಇಲ್ಲಮ್ಮ" ಅಂದೆ, ಅವರಿಗೇ. "ಒಳ್ಳೆ ಮನೆ. ನನ್ ದುಡಿಮೆಗೆ ಅದು ಹೆಚ್ಚಾತು. ಕಂತು ಕಟ್ಟಾಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಅದಕ್ಕೇ ಬಿಟ್ಟ್ವಿ. ಬ್ಯಾರೆ ಏನೂ ಇಲ್ಲ."

ಕೂಲಿಯವನೊಬ್ಬ ಮುಖ ಆಚೆ ತಿರುಗಿಸಿದ. ನಾನು ಸ್ಪ್ಯಾನರ್ ಎತ್ತಿಕೊಂಡು ಮುಂದಿನ ಪೈಪು ಜೋಡಿಸಿದೆ. ಮೂರನೇ ಪೈಪು ಇಳಿಸುವಾಗ ನೋಡಿದರೆ ಬಾಗಿಲಲ್ಲಿ ಆಕೆ ಇರಲಿಲ್ಲ. ಒಳಗೆ ಮೆಟ್ಟಿಲ ಮೇಲೆ ಬಳೆಯ ಸದ್ದು ಒಂದೊಂದೇ ಹೆಜ್ಜೆ ಮೇಲಕ್ಕೆ ಹೋಗುತ್ತಿತ್ತು.